ಅದಿರಿನ ಬಳಿಗೆ ಕುಲುಮೆ, ದತ್ತಾಂಶದ ಬಳಿಗೆ ಗಣಕ

ಭದ್ರಾ ನಾಲೆಯ ನೀರುಂಡು ಬೆಳೆದ ಭತ್ತ ಅಕ್ಕಿಯಾಗಿ ಮನೆಗೆ ಬರುವಾಗ, ಮೂಟೆಯ ಮೇಲೆ ‘ಸಾರ್ಟೆಕ್ಸ್’ ಎಂದು ಅಚ್ಚಾಗಿರುವುದುಂಟು. ಆ ಒಂದು ಪದದ ಹಿಂದೆ ಅದ್ಭುತವೇ ಅಡಗಿದೆ. ಮಿಲ್ಲಿನಲ್ಲಿ ಅಕ್ಕಿ ಇಳಿಜಾರು ತಗಡಿನಿಂದ ಜಲಧಾರೆಯಂತೆ ಧುಮುಕುತ್ತಿರುತ್ತದೆ. ಕ್ಯಾಮೆರಾಗಳು ಕಾಳು ಕಾಳನ್ನೂ ಪರೀಕ್ಷಿಸುತ್ತಿರುತ್ತವೆ. ಕಪ್ಪು ಕಾಳು ಕಂಡದ್ದೇ ತಡ, ಸಣ್ಣ ನಳಿಕೆಯಿಂದ ಚಿಮ್ಮಿದ ಗಾಳಿ ಅದನ್ನು ಪಕ್ಕಕ್ಕೆ ಹಾರಿಸುತ್ತದೆ. ನೋಟ, ನಿರ್ಣಯ, ಕ್ರಿಯೆ ಮೂರೂ ಕಾಳು ಕೆಳಗೆ ಬೀಳುವಷ್ಟರಲ್ಲಿ ಮುಗಿದಿರಬೇಕು. ಚಿತ್ರವನ್ನು ದೂರದ ಸರ್ವರ್‌ಗೆ ಕಳುಹಿಸಿ ಉತ್ತರಕ್ಕೆ ಕಾಯುತ್ತ ಕುಳಿತರೆ ಕಪ್ಪು ಕಾಳು ಚೀಲ ಸೇರಿಬಿಟ್ಟಿರುತ್ತದೆ. ದತ್ತಾಂಶ ಹುಟ್ಟಿದಲ್ಲೇ ಅದನ್ನು ಸಂಸ್ಕರಿಸುವ ಈ ವಿಧಾನಕ್ಕೆ ಇಂದಿನ ಹೆಸರು ಎಡ್ಜ್ ಕಂಪ್ಯೂಟಿಂಗ್. ಆ ಹೆಸರು ಪ್ರಚಾರಕ್ಕೆ ಬರುವ ಮೊದಲೇ ಅಕ್ಕಿ ಮಿಲ್ಲಿನ ಯಂತ್ರ ಈ ಕೆಲಸ ಮಾಡುತ್ತಿತ್ತು ಎಂಬುದು ಬೇರೆ ಮಾತು!

ಭದ್ರಾವತಿಗಂತೂ ಈ ತರ್ಕ ಶತಮಾನದಷ್ಟು ಹಳೆಯದು. 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ್ದು ಇಲ್ಲೇ ಏಕೆ? ಕೆಮ್ಮಣ್ಣುಗುಂಡಿಯ ಅದಿರು, ಭಂಡಿಗುಡ್ಡದ ಸುಣ್ಣಕಲ್ಲು, ಇದ್ದಿಲಿಗೆ ಮಲೆನಾಡಿನ ಸೌದೆ, ಭದ್ರೆಯ ನೀರು, ಎಲ್ಲವೂ ಆಸುಪಾಸಿನಲ್ಲೇ ಇದ್ದವು. ಅದಿರನ್ನು ದೂರ ಹೊರುವ ಬದಲು ಕುಲುಮೆಯನ್ನೇ ಅದಿರಿನ ಬಳಿಗೆ ತಂದರು. ಮುಂದೆ ಈ ಕಾರ್ಖಾನೆಗೆ ಯಾರ ಹೆಸರಿಟ್ಟರೋ ಆ ಸರ್ ಎಂ. ವಿಶ್ವೇಶ್ವರಯ್ಯನವರು ಅದಕ್ಕೂ ಮುಂಚೆಯೇ, ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ಗೇಟುಗಳನ್ನು ರೂಪಿಸಿದ್ದರು. ನೀರು ಮಟ್ಟ ಮೀರಿದರೆ ಗೇಟು ತಾನೇ ತೆರೆದುಕೊಳ್ಳುತ್ತಿತ್ತು. ಯಾರ ಅಪ್ಪಣೆಗೂ ಕಾಯುತ್ತಿರಲಿಲ್ಲ. ಅಲ್ಲಿ ಗಣಕವಿರಲಿಲ್ಲ, ತತ್ತ್ವ ಮಾತ್ರ ಇದೇ.

ಅಂತರ್ಜಾಲದ ಜಗತ್ತು ಈ ದಾರಿಗೆ ಬಂದದ್ದು ತಡವಾಗಿ. 1998ರಲ್ಲಿ ಸ್ಥಾಪನೆಯಾದ ಅಕಮಾಯ್ ಸಂಸ್ಥೆ ಜಾಲತಾಣಗಳ ಪ್ರತಿಗಳನ್ನು ಬಳಕೆದಾರರ ಸಮೀಪದ ಸರ್ವರ್‌ಗಳಲ್ಲಿ ಇರಿಸಿತು. 2009ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮಹದೇವ್ ಸತ್ಯನಾರಾಯಣನ್ ಮತ್ತು ಸಂಗಡಿಗರು ಮೊಬೈಲಿನ ನೆರೆಯಲ್ಲೇ ಪುಟ್ಟ ಗಣಕಕೇಂದ್ರವಿರಲಿ ಎಂದು ಪ್ರತಿಪಾದಿಸಿ, ಅದನ್ನು ‘ಕ್ಲೌಡ್‌ಲೆಟ್’ ಎಂದು ಕರೆದರು. ಇಷ್ಟಕ್ಕೂ ದೂರವೊಂದೇ ಶತ್ರುವಲ್ಲ. ಶಿವಮೊಗ್ಗದಿಂದ ಬೆಂಗಳೂರಿನವರೆಗಿನ ಸುಮಾರು 300 ಕಿಲೋಮೀಟರನ್ನು ಗಾಜಿನ ತಂತುವಿನಲ್ಲಿ ಬೆಳಕು ಒಂದೂವರೆ ಮಿಲಿಸೆಕೆಂಡಿನಲ್ಲಿ ಕ್ರಮಿಸುತ್ತದೆ. ವಿಳಂಬವಾಗುವುದು ನಡುವಿನ ಟವರು, ರೂಟರುಗಳ ಸರದಿಯಲ್ಲಿ. ತಂತು ಕಡಿದರಂತೂ ಕಥೆ ಮುಗಿಯಿತು.

2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಶಿವಮೊಗ್ಗದ ವೃತ್ತಗಳಲ್ಲಿ ಇಂದು ಸಂಚಾರ ಕ್ಯಾಮೆರಾಗಳಿವೆ. ಇಂಥ ಕ್ಯಾಮೆರಾದೊಳಗೇ ಗಣಕವಿದ್ದರೆ ದಿನವಿಡೀ ವಿಡಿಯೊ ಸಾಗಿಸಬೇಕಿಲ್ಲ. ನಿಯಮ ಮುರಿದ ವಾಹನದ ಸಂಖ್ಯೆ, ಒಂದು ಛಾಯಾಚಿತ್ರ ಹೋದರೆ ಸಾಕು. ವಿದ್ಯುತ್ ಉಪಕೇಂದ್ರದ ಡಿಜಿಟಲ್ ರಿಲೇ ಕೂಡ ದೋಷವನ್ನು ಸ್ಥಳದಲ್ಲೇ ಗುರುತಿಸಿ, ಸೆಕೆಂಡಿನ ಸಣ್ಣ ಅಂಶದಲ್ಲಿ ಮಾರ್ಗ ಕಡಿಯಲು ಆದೇಶಿಸುತ್ತದೆ. ಉಕ್ಕಿನ ಉದ್ಯಮದಲ್ಲಿ ಇದರ ವ್ಯಾಪ್ತಿ ಇನ್ನೂ ಹಿರಿದು. ರೋಲಿಂಗ್ ಮಿಲ್ಲಿನ ಬೇರಿಂಗ್ ಕೆಡುವ ಮುನ್ನವೇ ಅದರ ಕಂಪನ ಬದಲಾಗುತ್ತದೆ. ಪಕ್ಕದಲ್ಲೇ ಕುಳಿತ ಗಣಕ ಆ ವ್ಯತ್ಯಾಸವನ್ನು ಹಿಡಿದು ಎಚ್ಚರಿಸಬಲ್ಲದು. ಮಾಚೇನಹಳ್ಳಿಯಂಥ ಕೈಗಾರಿಕಾ ಪ್ರದೇಶಕ್ಕೆ ಇದು ಹೇಳಿಮಾಡಿಸಿದ ವಿದ್ಯೆ.

ಭದ್ರಾವತಿಯ ಕಾರ್ಖಾನೆಗೂ ಇದು ಸಲ್ಲುತ್ತದೆ. ಆದರೆ 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಅಲ್ಲಿಗೆ ಮೊದಲು ಬೇಕಿರುವುದು ಸೆನ್ಸರ್ ಅಲ್ಲ, ಬಂಡವಾಳ.