‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡೋ ಮುಂಚೆ

2024ರಲ್ಲಿ ಹಾಸನದ ಪೆನ್‌ಡ್ರೈವ್‌ಗಳು ಊರೂರು ಸುತ್ತಿದ ಆ ಬೇಸಿಗೆಯ ನಂತರ ನನಗೆ ಒಂದೇ ಥರದ ಮೆಸೇಜ್‌ಗಳು ಬರತೊಡಗಿದವು. ‘ಪ್ರತಿಭಟನೆಗೆ ಹೋಗಿಬಂದೆ ಮೇಡಂ, ಅಷ್ಟೇ ಸಾಲದು ಅನ್ನಿಸ್ತಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಜೊತೆ ಕೆಲಸ ಮಾಡೋ ಕೌನ್ಸೆಲರ್ ಆಗ್ಬೇಕು, ಏನು ಓದ್ಲಿ?’ ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿ, ಇಲ್ಲಿ ಬರೀತಿದ್ದೀನಿ.

ಓದಿನ ವಿಚಾರ ಬೇಗ ಮುಗಿಸ್ತೀನಿ. ಎಂಎಸ್‌ಡಬ್ಲ್ಯು ಅಥವಾ ಮನಶ್ಶಾಸ್ತ್ರದಲ್ಲಿ ಎಂಎಸ್ಸಿ, ಇವು ಹೆಚ್ಚಿನವರು ಹಿಡಿಯುವ ದಾರಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಿದ್ದರೆ ನಿಮ್ಹಾನ್ಸ್‌ನಂಥ ಕಡೆ ತರಬೇತಿ, ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಕೆಲಸ ಸಿಗೋದು ‘ಸಖಿ’ ಒನ್ ಸ್ಟಾಪ್ ಸೆಂಟರ್‌ಗಳಲ್ಲಿ, ಸಾಂತ್ವನ ಕೇಂದ್ರಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ. ಪೋಕ್ಸೊ ಪ್ರಕರಣಗಳಲ್ಲಿ ತನಿಖೆಯಿಂದ ವಿಚಾರಣೆವರೆಗೂ ಮಗುವಿನ ಜೊತೆಗಿರುವ ‘ಸಪೋರ್ಟ್ ಪರ್ಸನ್’ ಆಗಿಯೂ ದುಡಿಯಬಹುದು.

ಆದರೆ ಪದವಿ ಕಲಿಸದೇ ಇರೋದೇ ಜಾಸ್ತಿ. ತರಬೇತಿಯ ಮೊದಲ ವಾರ ನಮಗೆ ಒಂದು ಪದವನ್ನೇ ಕಿತ್ತುಕೊಂಡರು: ‘ಯಾಕೆ’. ಯಾಕೆ ಅಲ್ಲಿಗೆ ಹೋದೆ, ಯಾಕೆ ಕೂಗಲಿಲ್ಲ, ಯಾಕೆ ಇಷ್ಟು ದಿನ ಹೇಳಲಿಲ್ಲ. ಕೇಳೋರು ಕಾಳಜಿಯಿಂದಲೇ ಕೇಳಿದರೂ ಎದುರಿಗಿರೋರ ಕಿವಿಗೆ ಅದು ಆರೋಪದಂತೆ ಬೀಳುತ್ತೆ. ಅಪಾಯ ಮೈಮೇಲೆ ಬಂದಾಗ ದೇಹ ಹೋರಾಡಬಹುದು, ಓಡಬಹುದು, ಇಲ್ಲವೇ ಕಲ್ಲಿನಂತೆ ಮರಗಟ್ಟಬಹುದು. ಮರಗಟ್ಟುವುದು ಒಪ್ಪಿಗೆ ಅಲ್ಲ. ನೆನಪೂ ಹಾಗೇ, ಸಾಲಾಗಿ ಬರಲ್ಲ. ಗೋಡೆ ಬಣ್ಣ ನೆನಪಿರುತ್ತೆ, ದಿನಾಂಕ ಮರೆತಿರುತ್ತೆ. ಪೊಲೀಸರಿಗೆ ಅದು ಸುಳ್ಳಿನಂತೆ ಕಾಣುವುದುಂಟು. ನಮಗೆ ಹಾಗೆ ಕಾಣಕೂಡದು.

ಎರಡನೆಯದು, ಸುಮ್ಮನಿರೋದು. ನನ್ನಂಥ ಬಾಯಿಬಡುಕಿಗೆ ಇದು ದೊಡ್ಡ ಶಿಕ್ಷೆಯಾಗಿತ್ತು. ಆಕೆಯ ಕೈಯಿಂದ ಒಮ್ಮೆ ಹಿಡಿತ ಕಿತ್ತುಕೊಳ್ಳಲಾಗಿದೆ. ‘ನೀನು ಕೇಸ್ ಹಾಕಲೇಬೇಕು’ ಅಂತ ನಾನು ಶುರು ಹಚ್ಚಿಕೊಂಡರೆ ಎರಡನೇ ಸಲ ಕಿತ್ತುಕೊಂಡಂತೆ. ವಯಸ್ಕ ಹೆಣ್ಣುಮಗಳು ದೂರು ಕೊಡಬೇಕೋ ಬೇಡವೋ ಅನ್ನೋದು ಅವಳ ತೀರ್ಮಾನ. ನನ್ನ ಕೆಲಸ ಮಾಹಿತಿ ಮುಂದಿಡೋದು: ಯಾವುದೇ ಆಸ್ಪತ್ರೆ, ಖಾಸಗಿಯಾದರೂ, ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು, ‘ಮೊದಲು ಎಫ್‌ಐಆರ್ ತನ್ನಿ’ ಅನ್ನುವಂತಿಲ್ಲ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು. ‘ಎರಡು ಬೆರಳಿನ ಪರೀಕ್ಷೆ’ ಮಾಡುವುದು ದುರ್ನಡತೆ ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ಈ ವಿವರಗಳು ನಾಲಿಗೆ ತುದಿಯಲ್ಲಿರಬೇಕು, ರಾತ್ರಿ ಎರಡು ಗಂಟೆಗೂ.

ಮಕ್ಕಳ ವಿಷಯ ಬೇರೆ. ಇಲ್ಲೇ ನಾನು ಎಡವಿದ್ದು.

ಕೆಲಸಕ್ಕೆ ಸೇರಿದ ಹೊಸತು. ಹದಿನಾರರ ಹುಡುಗಿ, ದುಪಟ್ಟಾದ ಅಂಚು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ‘ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ ಅಕ್ಕಾ.’ ‘ಇಲ್ಲ ಪುಟ್ಟಾ, ಖಂಡಿತ ಹೇಳಲ್ಲ’ ಅಂದುಬಿಟ್ಟೆ. ಹೇಳಿದಳು. ಮನೆಯವನೇ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹದಿನೆಂಟರ ಒಳಗಿನ ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಆಗಬಹುದು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಸೆಕ್ಷನ್ ಅದು. ತಿಳಿಸಿದೆ. ತಿಳಿಸಿದ್ದು ತಪ್ಪಲ್ಲ, ಅವನು ಮತ್ತೆ ಆ ಮನೆಗೆ ಕಾಲಿಡಲಿಲ್ಲ. ಆದರೆ ಆಮೇಲೆ ಅವಳು ನನ್ನೊಟ್ಟಿಗೆ ಒಂದು ಮಾತೂ ಆಡಲಿಲ್ಲ. ಬೇರೆ ಕೌನ್ಸೆಲರ್ ಹತ್ತಿರ ಹೋದಳು. ಅವಳ ದೃಷ್ಟಿಯಲ್ಲಿ ಮಾತು ತಪ್ಪಿದ ಇನ್ನೊಬ್ಬ ದೊಡ್ಡವಳು ನಾನು.

ಕಡ್ಡಾಯ ವರದಿಯ ಬಗ್ಗೆ ನನಗೆ ತಕರಾರಿದೆ. ಪೊಲೀಸರ ಭಯಕ್ಕೆ ಆಸ್ಪತ್ರೆಗೇ ಹೋಗದ ಹದಿಹರೆಯದವರನ್ನು ನೋಡಿದ್ದೀನಿ. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಪೋಷಕರು ಕೋರಿದರೆ ವೈದ್ಯರು ಅವಳ ಗುರುತನ್ನು ವರದಿಯಲ್ಲಿ ಹೇಳಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಸ್ವಲ್ಪ ದಾರಿ ಬಿಟ್ಟಿತು. ಕೌನ್ಸೆಲರ್ ಕೋಣೆಗೆ ಆ ದಾರಿ ತೆರೆದಿಲ್ಲ. ಹಾಗಾಗಿ ಈಗ ಮಗು ಬಾಯಿ ಬಿಡುವ ಮುಂಚೆಯೇ ಹೇಳ್ತೀನಿ: ‘ನೀನು ಹೇಳೋದನ್ನ ಕೆಲವು ಸಲ ನಾನು ಬೇರೆಯವರಿಗೆ ತಿಳಿಸಬೇಕಾಗುತ್ತೆ. ಯಾರಿಗೆ, ಯಾವಾಗ ಅನ್ನೋದನ್ನ ಮೊದಲು ನಿನಗೇ ಹೇಳ್ತೀನಿ.’ ಕೆಲವರು ಎದ್ದು ಹೋಗ್ತಾರೆ. ಒಬ್ಬಳು ಮೂರು ವಾರ ಬರೀ ಚಿತ್ರ ಬಿಡಿಸಿ, ನಾಲ್ಕನೇ ವಾರ ಮಾತಾಡಿದಳು.

ಅಂದ ಹಾಗೆ, ಹೋರಾಟದ ಗೆಳೆಯರಿಗೊಂದು ಮಾತು. ಒಳ್ಳೇ ಉದ್ದೇಶದ ಪೋಸ್ಟರಿನಲ್ಲೂ ಅತ್ಯಾಚಾರ ಸಂತ್ರಸ್ತೆಯ ಹೆಸರು ಹಾಕಬೇಡಿ. ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅದೂ ಅಪರಾಧ.

ಇನ್ನು ಸಂಬಳ. ಬಹುಪಾಲು ಗುತ್ತಿಗೆ ಕೆಲಸ, ಕಡಿಮೆ ದುಡ್ಡು. ಅದಕ್ಕಿಂತ ಹೆಚ್ಚಾಗಿ ಕಾಡೋದು ಕೇಳಿದ ಕಥೆಗಳು. ಒಂದು ವರ್ಷ ನನಗೆ ಲಿಫ್ಟಿನಲ್ಲಿ ಗಂಡಸರ ಜೊತೆ ನಿಲ್ಲೋಕೇ ಆಗ್ತಿರಲಿಲ್ಲ. ಆಗ ಹಿಡಿದೆತ್ತಿದ್ದು ನನ್ನ ಸೂಪರ್‌ವೈಸರ್. ವಾರಕ್ಕೊಮ್ಮೆ ಅವರೆದುರು ಕೂತು ನನ್ನ ತಪ್ಪು, ಸಿಟ್ಟು, ಅಳು ಎಲ್ಲಾ ಸುರಿಯುತ್ತಿದ್ದೆ. ಹಾಗಾಗಿ ಸಂದರ್ಶನಕ್ಕೆ ಹೋದಾಗ ಸಂಬಳದ ಜೊತೆಗೆ ಇದನ್ನೂ ಕೇಳಿ: ‘ನನ್ನ ಮಾತು ಕೇಳೋರು ಯಾರು, ಎಷ್ಟು ದಿನಕ್ಕೊಮ್ಮೆ?’ ಅವರು ಮುಖ ಮುಖ ನೋಡಿಕೊಂಡರೆ, ಬೇರೆ ಕಡೆ ಅರ್ಜಿ ಹಾಕಿ.