ದೂರದ ಹಕ್ಕಿಯೋ, ಹತ್ತಿರದ ಮುಖವೋ

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಏರಿ ಹತ್ತಿದರೆ ಹಕ್ಕಿಗಳ ಜೊತೆಗೆ ಬಗೆಬಗೆಯ ಕ್ಯಾಮೆರಾಗಳೂ ನೋಡಸಿಗುತ್ತವೆ. ಒಬ್ಬರ ಕೊರಳಲ್ಲಿ ಡಿಎಸ್‌ಎಲ್‌ಆರ್, ಅದಕ್ಕೆ ಒಂದೇ ಡಬ್ಬಿಯಲ್ಲಿ ಜೊತೆಯಾಗಿ ಬಂದ 300 ಮಿ.ಮೀ. ಲೆನ್ಸ್. ಪಕ್ಕದವರ ಕೈಯಲ್ಲಿ ಗುಂಡಿ ಒತ್ತಿದರೆ ಮೂತಿ ಚಾಚುವ ಸೂಪರ್‌ಜೂಮ್. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಆಚೆ ದಡದ ಹತ್ತಿರ ಗುಂಪುಗೂಡಿವೆ. ಮೊದಲನೆಯವರ ಪರದೆಯಲ್ಲಿ ಅವು ಬೂದು ಚುಕ್ಕೆಗಳ ಸಾಲು. ಪಕ್ಕದವರಿಗೆ ತಲೆಯ ಹಿಂದಿನ ಎರಡು ಕಪ್ಪು ಪಟ್ಟೆಗಳೂ ಸ್ಪಷ್ಟ. ‘ದೊಡ್ಡ ಕ್ಯಾಮೆರಾ ತಗೊಂಡೂ ಹೀಗ್ಯಾಕೆ’ ಎಂಬ ಅನುಮಾನ ಹುಟ್ಟುವುದು ಇಂಥ ಕಡೆಯೇ.

ಇದೇ ಇಬ್ಬರು ಕರಾವಳಿಯ ಯಕ್ಷಗಾನ ಮೇಳವೊಂದರ ಚೌಕಿಯಲ್ಲಿ ಎದುರಾದರೆ ಆಟ ತಿರುವುಮುರುವಾಗುತ್ತದೆ. ಮಂದ ಬೆಳಕಿನಲ್ಲಿ ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಿರುವ ವೇಷಧಾರಿಯ ಚಿತ್ರ ಸೂಪರ್‌ಜೂಮಿನಲ್ಲಿ ಕಾಳುಕಾಳಾಗಿ, ಅಲುಗಿದಂತೆ ಬರುತ್ತದೆ. ಡಿಎಸ್‌ಎಲ್‌ಆರ್‌ಗೆ ಒಂದು ಅಗ್ಗದ 50 ಮಿ.ಮೀ. ಲೆನ್ಸ್ ಸಿಕ್ಕಿಸಿದರೆ ಹುಬ್ಬಿನ ಮೇಲಿನ ಗೆರೆಯೂ ಎದ್ದು ಕಾಣುತ್ತದೆ. ಯಾವ ಕ್ಯಾಮೆರಾ ಒಳ್ಳೆಯದು ಎಂದು ಕೇಳುವವರು ತಾವು ತೆಗೆಯಬೇಕೆಂದಿರುವುದು ಏನು ಎಂಬುದನ್ನು ಮಾತ್ರ ಹೇಳಿರುವುದಿಲ್ಲ. ಅಂಗಡಿಯವರೂ ಕೇಳುವುದಿಲ್ಲ.

ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಬರುವ ಸಂಖ್ಯೆ ಜೂಮ್. 2015ರ ಮಾರ್ಚ್‌ನಲ್ಲಿ ನಿಕಾನ್ ಘೋಷಿಸಿದ ಕೂಲ್‌ಪಿಕ್ಸ್ ಪಿ900ಕ್ಕೆ 83 ಪಟ್ಟು. 2018ರ ಪಿ1000ಕ್ಕೆ 125 ಪಟ್ಟು. ಕ್ಯಾನನ್‌ನ ಎಸ್‌ಎಕ್ಸ್70ಕ್ಕೆ 65. ಈ ಪಟ್ಟು ಎಂಬುದು ಅತಿ ಅಗಲದ ನೋಟಕ್ಕೂ ಅತಿ ಕಿರಿದಾದ ನೋಟಕ್ಕೂ ಇರುವ ಅನುಪಾತವಷ್ಟೇ. ಹಕ್ಕಿ ಎಷ್ಟು ಹತ್ತಿರ ಬರುತ್ತದೆಂದು ತಿಳಿಯಬೇಕಾದರೆ ನೋಡಬೇಕಾದದ್ದು ಕೊನೆಯ ತುದಿ: ಹಳೆಯ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಪಿ900 ಹೋಗುವುದು 2000 ಮಿ.ಮೀ.ವರೆಗೆ, ಪಿ1000 ಹೋಗುವುದು 3000 ಮಿ.ಮೀ.ವರೆಗೆ. ನಿಕಾನ್ ಡಿ3500ಕ್ಕೆ ಸಿಕ್ಕಿಸಿದ 70-300 ಲೆನ್ಸ್ ಅದೇ ಲೆಕ್ಕದಲ್ಲಿ 450ಕ್ಕೆ ನಿಲ್ಲುತ್ತದೆ. ಕ್ಯಾನನ್ 1500ಡಿ ಮತ್ತು 55-250 ಜೋಡಿ 400ಕ್ಕೆ.

ಚಂದ್ರನನ್ನು ಅಳತೆಗೋಲು ಮಾಡಿಕೊಂಡರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಲೆನ್ಸಿನ ನಿಜವಾದ ಉದ್ದವನ್ನು 110ರಿಂದ ಭಾಗಿಸಿದರೆ ಸೆನ್ಸರಿನ ಮೇಲೆ ಬೀಳುವ ಚಂದ್ರಬಿಂಬದ ಅಳತೆ ಸುಮಾರಾಗಿ ಸಿಗುತ್ತದೆ. ಡಿ3500ರ 300 ಮಿ.ಮೀ.ನಲ್ಲಿ ಬಿಂಬ 3 ಮಿ.ಮೀ.ಗೂ ಕಡಿಮೆ, ಅಂದರೆ ಚೌಕಟ್ಟಿನ ಎತ್ತರದ ಆರನೇ ಒಂದು ಪಾಲು. ಪಿ900ರಲ್ಲಿ ಎತ್ತರದ ಮುಕ್ಕಾಲು ಭಾಗ ಚಂದ್ರನೇ. ಪಿ1000ದಲ್ಲಿ ಪೂರ್ತಿ ಎಳೆದರೆ ಹುಣ್ಣಿಮೆಯ ಚಂದ್ರ ಚೌಕಟ್ಟಿನಲ್ಲಿ ಹಿಡಿಸುವುದೇ ಇಲ್ಲ. ಪಿ900 ಮಾರುಕಟ್ಟೆಗೆ ಬಂದ ವರ್ಷ ಚಂದ್ರನ ಮೇಲಿನ ಕುಳಿಗಳಿಗೆ ಜೂಮ್ ಮಾಡುವ ವಿಡಿಯೊಗಳು ಜಗತ್ತೆಲ್ಲ ಹರಿದಾಡಿದ್ದು ಸುಮ್ಮನೆ ಅಲ್ಲ.

‘ಸೂಪರ್‌ಜೂಮಿನ ಸೆನ್ಸರ್ ಚಿಕ್ಕದು, ಹಾಗಾಗಿ ಚಿತ್ರ ಕಳಪೆ’ ಎಂಬ ಮಾತು ಬಲ್ಲವರ ಬಾಯಲ್ಲೂ ಬರುತ್ತದೆ. ಮೊದಲರ್ಧ ನಿಜ. ಪಿ900ರ ಸೆನ್ಸರ್ ಕಿರುಬೆರಳಿನ ಉಗುರಿಗಿಂತ ಸಣ್ಣದು. ಡಿ3500ರ ಸೆನ್ಸರ್ ವಿಸ್ತೀರ್ಣದಲ್ಲಿ ಅದರ ಸುಮಾರು 13 ಪಟ್ಟು. ಆದರೆ ದೂರದ ಹಕ್ಕಿಯ ವಿಷಯಕ್ಕೆ ಬಂದರೆ ಈ 13 ಪಟ್ಟಿನಲ್ಲಿ ಹೆಚ್ಚಿನದು ವ್ಯರ್ಥ. ಹಕ್ಕಿ ಸೆನ್ಸರಿನ ಒಂದು ಮೂಲೆಯಲ್ಲಿ ಕೂತಿರುತ್ತದೆ, ಉಳಿದ ಜಾಗವನ್ನು ಆಕಾಶ, ನೀರು, ಜಾಲಿಗಿಡ ತುಂಬಿರುತ್ತವೆ. ಆಮೇಲೆ ಅವನ್ನೆಲ್ಲ ಕತ್ತರಿಸಿ ಎಸೆಯುವುದೇ.

ಒಂದು ಹಕ್ಕಿಯಿಂದ ಬರುವ ಬೆಳಕಿನಲ್ಲಿ ಕ್ಯಾಮೆರಾಕ್ಕೆ ಎಷ್ಟು ದಕ್ಕುತ್ತದೆ ಎಂಬುದನ್ನು ತೀರ್ಮಾನಿಸುವುದು ಲೆನ್ಸಿನ ಬಾಯಿ, ಮಳೆನೀರಿಗೆ ಒಡ್ಡಿದ ಪಾತ್ರೆಯಲ್ಲಿ ಹೇಗೋ ಹಾಗೆ. ಲೆನ್ಸಿನ ನಿಜವಾದ ಉದ್ದವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಈ ಬಾಯಿಯ ಅಗಲ ಸಿಗುತ್ತದೆ. ಪಿ900ರ ಲೆನ್ಸ್ ವಾಸ್ತವವಾಗಿ 357 ಮಿ.ಮೀ. ಉದ್ದದ್ದು, ತುದಿಯಲ್ಲಿ ಎಫ್6.5. ಬಾಯಿ 55 ಮಿ.ಮೀ. ಡಿಎಸ್‌ಎಲ್‌ಆರ್ ಕಿಟ್‌ನ 300 ಮಿ.ಮೀ. ಲೆನ್ಸಿನದು ಎಫ್6.3, ಬಾಯಿ 48 ಮಿ.ಮೀ. ಅಂದರೆ ಒಂದೇ ಶಟರ್ ವೇಗದಲ್ಲಿ ಅದೇ ಹೆಬ್ಬಾತಿನಿಂದ ಸೂಪರ್‌ಜೂಮ್ ಮೂರನೇ ಒಂದರಷ್ಟು ಹೆಚ್ಚು ಬೆಳಕು ಹಿಡಿಯುತ್ತಿದೆ! ಚಿಕ್ಕ ಸೆನ್ಸರಿನ ಚಿತ್ರ ದೊಡ್ಡ ಸೆನ್ಸರಿನ ಕತ್ತರಿಸಿದ ತುಣುಕಿಗಿಂತ ಚೆನ್ನಾಗಿ ಬರುವುದರ ಹಿಂದಿನ ಗುಟ್ಟು ಇಷ್ಟೇ. ಈ ಮೇಲುಗೈಯನ್ನು ಡಿಎಸ್‌ಎಲ್‌ಆರ್ ಕಸಿದುಕೊಳ್ಳಬೇಕೆಂದರೆ 150-600ರಂಥ ಲೆನ್ಸ್ ಬೇಕು. ಅದರ ಬಾಯಿ 95 ಮಿ.ಮೀ., ಬೆಳಕು ಪಿ900ರ ಮೂರು ಪಟ್ಟು. ತೂಕ ಮಾತ್ರ ಲೆನ್ಸ್ ಒಂದಕ್ಕೇ ಸುಮಾರು 2 ಕಿಲೋ, ಬೆಲೆ ಕ್ಯಾಮೆರಾದ ಬೆಲೆಗಿಂತ ಎಷ್ಟೋ ಮೇಲೆ.

ಈ ಲೆಕ್ಕವನ್ನೇ ಚೌಕಿಗೆ ಒಯ್ದರೆ ಫಲಿತಾಂಶ ತಲೆಕೆಳಗು. ಮುಖವೊಂದನ್ನು ಚೌಕಟ್ಟಿಗೆ ತುಂಬಿಸುವ ದೂರದಲ್ಲಿ 50 ಮಿ.ಮೀ. ಎಫ್1.8 ಲೆನ್ಸಿನ ಬಾಯಿ 28 ಮಿ.ಮೀ. ಅದೇ ನೋಟಕ್ಕೆ ಪಿ900 ಹೊಂದಿಸಿಕೊಂಡರೆ ಬಾಯಿ ಹೆಚ್ಚೆಂದರೆ 5 ಮಿ.ಮೀ. ಬೆಳಕಿನ ಅಂತರ 30 ಪಟ್ಟಿನ ಆಸುಪಾಸು. ಇದನ್ನು ಯಾವ ‘ನೈಟ್ ಮೋಡ್’ ಕೂಡ ತುಂಬಿಕೊಡಲಾರದು, ವೇಷಧಾರಿ ಅಲುಗಾಡದೆ ಕೂತರಷ್ಟೇ ಸ್ವಲ್ಪ ಬಚಾವು. ಹುಟ್ಟುಹಬ್ಬ, ನಿಶ್ಚಿತಾರ್ಥ, ಶಾಲಾ ವಾರ್ಷಿಕೋತ್ಸವ, ಸಂಜೆಯ ಜಾತ್ರೆ ಎಲ್ಲಕ್ಕೂ ಇದೇ ಲೆಕ್ಕ. ಅಂದಹಾಗೆ ನಿಕಾನ್‌ನ ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್‌ಗಳ ಬಾಡಿಯಲ್ಲಿ ಫೋಕಸ್ ಮೋಟರ್ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಎಎಫ್-ಡಿ ಲೆನ್ಸ್ ತಂದರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕಾಗುತ್ತದೆ. ಕ್ಯಾನನ್‌ನಲ್ಲಿ ಈ ತಾಪತ್ರಯವಿಲ್ಲ.

ರಂಗನತಿಟ್ಟಿನ ವಿಚಾರ ಬೇರೆ. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಆ ಜಾಗದಲ್ಲಿ ದೋಣಿ ಗೂಡುಗಳ ಹತ್ತಿರವೇ ಸಾಗುತ್ತದೆ. ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ಬಂಡೆಯ ಮೇಲೆ ಬಾಯಿ ತೆರೆದು ಬಿದ್ದ ಮೊಸಳೆ ಎಲ್ಲವೂ 250-300 ಮಿ.ಮೀ. ಲೆನ್ಸಿಗೆ ಧಾರಾಳವಾಗಿ ಸಿಗುತ್ತವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಇಂಥಲ್ಲಿ 2000 ಮಿ.ಮೀ. ಇದ್ದೂ ಉಪಯೋಗವಿಲ್ಲ. ರಂಗನತಿಟ್ಟಿನ ನೀರಿನ ಮೇಲೆ ಸರ್ರನೆ ಹಾರುವ ರಿವರ್ ಟರ್ನ್ ಹಿಡಿಯಲು ಹೊರಟರೆ ಸೂಪರ್‌ಜೂಮ್ ಕೈಕೊಡುತ್ತದೆ. ಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ, ಎಲೆಕ್ಟ್ರಾನಿಕ್ ವ್ಯೂಫೈಂಡರಿನಲ್ಲಿ ಕಾಣುವ ಹಕ್ಕಿ ನಿಜವಾದ ಹಕ್ಕಿಗಿಂತ ಒಂದು ಕ್ಷಣ ಹಿಂದಿರುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿಯ ಮೂಲಕ ಕಣ್ಣು ನೇರವಾಗಿ ಲೆನ್ಸಿನಾಚೆ ನೋಡುತ್ತದೆ. 11 ಫೋಕಸ್ ಬಿಂದುಗಳಷ್ಟೇ ಇರುವ ಡಿ3500 ಕೂಡ ಇಲ್ಲಿ ಮುಂದು.

ಕಷ್ಟವಿರುವುದು ದರೋಜಿಯಂಥ ಕಡೆ. ಹಂಪಿ ಸೀಮೆಯ ಆ ಕರಡಿಧಾಮದಲ್ಲಿ ವೀಕ್ಷಣಾ ಗೋಪುರದಿಂದ ಎದುರಿನ ಬಂಡೆಗುಡ್ಡ ದೂರ. ಕರಡಿಗಳು ಇಳಿದು ಬರುವ ಹೊತ್ತಿಗೆ ಬಿಸಿಲು ಇಳಿಮುಖ. ದೂರವೂ ಹೆಚ್ಚು, ಬೆಳಕೂ ಕಡಿಮೆ, ಮೇಲಾಗಿ ಮೈಯೆಲ್ಲ ಕಪ್ಪು ಕೂದಲಿನ ಪ್ರಾಣಿ. ದಿನವಿಡೀ ಕಾದ ಬಂಡೆಗಳಿಂದ ಏಳುವ ಝಳಕ್ಕೆ ಗಾಳಿಯೇ ಕುದಿಯುತ್ತಿರುತ್ತದೆ. ಜೂಮ್ ಹೆಚ್ಚಿದಷ್ಟೂ ಆ ಕುದಿತವೂ ದೊಡ್ಡದಾಗಿ ಕಾಣುತ್ತದೆ. 3000 ಮಿ.ಮೀ. ಕೊಂಡವರು ಮೊದಲ ಬೇಸಿಗೆಯಲ್ಲೇ ಇದನ್ನು ಕಲಿಯುತ್ತಾರೆ. ಇಲ್ಲಿ ನಡುವಿನ ದಾರಿಯೊಂದಿದೆ: 2017ರಲ್ಲಿ ಬಂದ ಸೋನಿ ಆರ್‌ಎಕ್ಸ್10ರ ನಾಲ್ಕನೇ ಆವೃತ್ತಿ. ಸೆನ್ಸರ್ ಪಿ900ರ ನಾಲ್ಕು ಪಟ್ಟು, ಲೆನ್ಸ್ 600 ಮಿ.ಮೀ.ವರೆಗೂ ಎಫ್4. ಅದರ ಬೆಲೆ ಕೇಳಿದ ಮೇಲೆ ಮಾತ್ರ ಬಹಳಷ್ಟು ಜನ ಮತ್ತೆ ಮೊದಲಿನ ಪ್ರಶ್ನೆಗೇ ವಾಪಸಾಗುತ್ತಾರೆ.

ಬ್ಯಾಟರಿಯಲ್ಲಿ ಹೋಲಿಕೆಯೇ ಇಲ್ಲ. ಒಂದು ಚಾರ್ಜಿಗೆ ಡಿ3500 ಅಧಿಕೃತ ಲೆಕ್ಕದಂತೆ 1550 ಚಿತ್ರ ತೆಗೆದರೆ ಪಿ900 ತೆಗೆಯುವುದು 360, ಪಿ1000 ಬರೀ 250. ಸೂಪರ್‌ಜೂಮ್ ಕೊಳ್ಳುವವರು ಎರಡನೇ ಬ್ಯಾಟರಿಯ ದುಡ್ಡನ್ನೂ ಸೇರಿಸಿಕೊಳ್ಳುವುದು ವಾಸಿ. ತೂಕದಲ್ಲೂ ಮೋಸಹೋಗಬಾರದು: ಪಿ900 ಸುಮಾರು 900 ಗ್ರಾಂ, ಪಿ1000 1.4 ಕಿಲೋ. ಡಿ3500, 70-300 ಲೆನ್ಸ್ ಎರಡೂ ಸೇರಿ 900 ಗ್ರಾಂ ದಾಟುವುದಿಲ್ಲ. ನಿಜಕ್ಕೂ ಜೇಬಿಗೆ ಇಳಿಯುವುದು ಬೇಕೆಂದರೆ ಕ್ಯಾನನ್ ಎಸ್‌ಎಕ್ಸ್740 ಇದೆ. 300 ಗ್ರಾಂ, 40 ಪಟ್ಟು ಜೂಮ್. ವ್ಯೂಫೈಂಡರ್ ಇಲ್ಲದ ಕಾರಣ ನಡುಹಗಲಿನಲ್ಲಿ ಪರದೆಯ ಮೇಲೆ ಏನೂ ಕಾಣದೆ ಅಂದಾಜಿನಲ್ಲೇ ಕ್ಲಿಕ್ಕಿಸಬೇಕು, ಅಷ್ಟೇ.

ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದುವ ಹುಚ್ಚಿರುವವರು ಇನ್ನೊಂದನ್ನು ಗಮನಿಸಬೇಕು. ಪಿ900 ಜೆಪೆಗ್ ಮಾತ್ರ ಕೊಡುತ್ತದೆ. ರಾ ಕಡತ ಬೇಕಿದ್ದರೆ 2020ರ ಪಿ950ಕ್ಕೋ ಪಿ1000ಕ್ಕೋ ಹೋಗಬೇಕು.

ಮಲೆನಾಡು, ಕರಾವಳಿಯವರಿಗೆ ಇವೆಲ್ಲಕ್ಕಿಂತ ದೊಡ್ಡ ವೈರಿ ಫಂಗಸ್. ಮಳೆಗಾಲದಲ್ಲಿ ಬೀರುವಿನೊಳಗೆ ಚರ್ಮದ ಚೀಲದಲ್ಲಿ ಮಲಗಿಸಿಟ್ಟ ಲೆನ್ಸಿನೊಳಗೆ ದೀಪಾವಳಿ ಹೊತ್ತಿಗೆ ಬಿಳಿ ಎಳೆಗಳು ಹಬ್ಬಿರುತ್ತವೆ. ಡಿಎಸ್‌ಎಲ್‌ಆರ್ ಆದರೆ ಹಾಳಾದ ಲೆನ್ಸ್ ಒಂದನ್ನು ಬದಲಿಸಿದರಾಯಿತು. ಸೂಪರ್‌ಜೂಮಿನಲ್ಲಿ ಲೆನ್ಸೂ ಕ್ಯಾಮೆರಾವೂ ಒಂದೇ, ರಿಪೇರಿಯೆಂದರೆ ಇಡೀ ಯಂತ್ರ ಬಿಚ್ಚಬೇಕು. ಬಯಲುಸೀಮೆಯಲ್ಲಿ ಕಾಟ ಬೇರೆ ಥರದ್ದು. ಒಳಹೊರಗೆ ಆಡುವ ಉದ್ದನೆಯ ಮೂತಿ ಗಾಳಿಯ ಜೊತೆ ದೂಳನ್ನೂ ಎಳೆದುಕೊಳ್ಳುತ್ತದೆ, ಸೆನ್ಸರಿನ ಮೇಲೆ ಕೂತ ಕಣವನ್ನು ಮನೆಯಲ್ಲಿ ಊದಿ ತೆಗೆಯುವಂತಿಲ್ಲ. ಗಾಳಿಯಾಡದ ಡಬ್ಬಿ, ಅದರಲ್ಲಿ ಒಂದು ಹಿಡಿ ಸಿಲಿಕಾ ಜೆಲ್ ಇಬ್ಬರಿಗೂ ಬೇಕು.

ಎರಡೂ ಜಾತಿಗಳು ಈಗ ಅಳಿವಿನ ಅಂಚಿನವು ಎಂಬುದು ಈ ಕಥೆಯ ಇನ್ನೊಂದು ಮಗ್ಗುಲು. 2003ರಲ್ಲಿ ಕ್ಯಾನನ್ 300ಡಿ ಸಾವಿರ ಡಾಲರಿನೊಳಗೆ ಬಂದಾಗ ಡಿಎಸ್‌ಎಲ್‌ಆರ್ ಮಧ್ಯಮ ವರ್ಗದ ಮನೆಯೊಳಗೆ ಕಾಲಿಟ್ಟಿತು. 2018ರ ಡಿ3500ರ ನಂತರ ನಿಕಾನ್ ಅದರ ಜಾಗಕ್ಕೆ ಹೊಸ ಡಿಎಸ್‌ಎಲ್‌ಆರ್ ತರಲೇ ಇಲ್ಲ. ಕಂಪನಿಗಳ ಗಮನವೆಲ್ಲ ಮಿರರ್‌ಲೆಸ್ ಕಡೆ. ಸಾಧಾರಣ ಸೂಪರ್‌ಜೂಮುಗಳನ್ನು ಮೊಬೈಲ್ ಫೋನ್ ನುಂಗಿತು, ಫೋನಿಗೆ ಎಟುಕದಷ್ಟು ದೂರ ಹೋಗುವವಷ್ಟೇ ಉಳಿದವು. 2025ರ ಆರಂಭದಲ್ಲಿ ಬಂದ ಪಿ1100ರಲ್ಲಿ ಲೆನ್ಸ್ ಪಿ1000ದ್ದೇ, ಜೊತೆಗೆ ಯುಎಸ್‌ಬಿ-ಸಿ.

ಹಾಗಾಗಿ ಇವತ್ತು ಕಡಿಮೆ ದುಡ್ಡಿನ ಡಿಎಸ್‌ಎಲ್‌ಆರ್ ಎಂದರೆ ಬಹುಮಟ್ಟಿಗೆ ಸೆಕೆಂಡ್ ಹ್ಯಾಂಡ್. ಮದುವೆ ಛಾಯಾಗ್ರಾಹಕರು ಬಳಸಿ ಬಿಟ್ಟದ್ದಕ್ಕಿಂತ, ಉತ್ಸಾಹದಲ್ಲಿ ಕೊಂಡು ಕಿಟ್ ಲೆನ್ಸ್ ಒಮ್ಮೆಯೂ ಬಿಚ್ಚದೆ ಬೀರುವಿನಲ್ಲಿಟ್ಟವರದ್ದು ಸಿಕ್ಕರೆ ಲಾಭ, ಮತ್ತು ಅಂಥವು ಬೇಕಾದಷ್ಟಿವೆ. ಶಟರ್ ಎಷ್ಟು ಸಲ ಬಿದ್ದಿದೆ ಎಂದು ಕೇಳಬೇಕು. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಫಂಗಸ್ ಇದೆಯೇ ನೋಡಬೇಕು. ಲೆನ್ಸ್ ಚೆನ್ನಾಗಿದ್ದರೆ ದುಡ್ಡು ಪೂರ್ತಿ ನೀರಿಗೆ ಬೀಳುವುದಿಲ್ಲ: ಕ್ಯಾನನ್‌ನ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಹೊಸ ಆರ್ ಸರಣಿಯ ಮಿರರ್‌ಲೆಸ್ ಮೇಲೆ ಆಟೊಫೋಕಸ್ ಸಮೇತ ಕೆಲಸ ಮಾಡುತ್ತವೆ. ನಿಕಾನ್‌ನ ಎಎಫ್-ಎಸ್, ಎಎಫ್-ಪಿ ಲೆನ್ಸುಗಳೂ ಎಫ್‌ಟಿಜೆಡ್ ಅಡಾಪ್ಟರ್ ಮೂಲಕ ಜೆಡ್ ಸರಣಿಗೆ ಹೊಂದುತ್ತವೆ.