ಗಣಕದಲ್ಲಿ ಮನೆಯ ನಕ್ಷೆ: ಕೆಲವು ತೊಡಕುಗಳು, ಕೆಲವು ಪರಿಹಾರಗಳು

ನಮ್ಮ ವಿಭಾಗದ ವಿದ್ಯಾರ್ಥಿಗಳಿಗೆ ಈ ವರ್ಷ ಕ್ಷೇತ್ರಕಾರ್ಯವೆಂದು ಒಂದು ಕೆಲಸವನ್ನು ವಹಿಸಲಾಗಿತ್ತು. ತಮ್ಮ ಊರಿನ ಒಂದು ಹಳೆಯ ಮನೆಯನ್ನು ಅಳೆದು, ಅದರ ನಕ್ಷೆಯನ್ನು ಗಣಕದಲ್ಲಿ ರಚಿಸಿ, ಪ್ರತಿಯೊಂದು ಭಾಗಕ್ಕೂ ಆ ಮನೆಯ ಹಿರಿಯರು ಬಳಸುವ ಹೆಸರನ್ನೇ ಬರೆಯಬೇಕು. ಪಡಸಾಲೆ, ನಡುಮನೆ, ಬಚ್ಚಲು, ಹಗೇವು, ಬೆಳಕಿಂಡಿ ಮೊದಲಾದ ಮಾತುಗಳು ಮನೆಗಳ ಸಂಗಡವೇ ಮರೆಯಾಗುತ್ತಿವೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಇಳಿದು ಸಿಮೆಂಟಿನ ಮನೆಗಳು ಏಳುತ್ತಿರುವುದನ್ನು ನಾವೆಲ್ಲರೂ ಕಾಣುತ್ತಿದ್ದೇವೆ. ಇಳಿದ ಮನೆಯನ್ನು ಮತ್ತೆ ಅಳೆಯಲಾಗದು. ಆದುದರಿಂದ ಈ ನಕ್ಷೆಗಳು ತಪ್ಪಿಲ್ಲದಂತಿರುವುದು ಅಗತ್ಯ.

ಒಬ್ಬ ವಿದ್ಯಾರ್ಥಿನಿ ತನ್ನ ಮನೆಯ ನಕ್ಷೆಯನ್ನು ಮುದ್ರಿಸಿ ಅಜ್ಜಿಗೆ ತೋರಿಸಿದಳು. ಅಜ್ಜಿ ಅಕ್ಷರ ಬಲ್ಲವರಲ್ಲ. ಆದರೂ ಕೋಣೆಕೋಣೆಯ ಮೇಲೆ ಬೆರಳಾಡಿಸಿ, "ಇದು ನಮ್ಮ ಮನಿ ಅಲ್ಲವಾ. ನಮ್ಮ ನಡುಮನ್ಯಾಗ ಎರಡು ಪಂಕ್ತಿ ಊಟಕ್ಕ ಕೂಡ್ರತಿದ್ರು. ಇದರಾಗ ಒಂದು ಪಂಕ್ತಿನೂ ಹಿಡಿಯೂದಿಲ್ಲ" ಎಂದರಂತೆ. ವಿದ್ಯಾರ್ಥಿನಿ ಟೇಪು ಹಿಡಿದು ಅಳೆದದ್ದು ಸರಿಯಾಗಿತ್ತು. ಗಣಕಕ್ಕೆ ಕೊಟ್ಟ ಅಂಕಿಯೂ ಸರಿಯಾಗಿತ್ತು. ಆದರೂ ನಡುಮನೆ ಕಿರಿದಾಗಿತ್ತು. ಯುಗಾದಿಯ ಬಳಿಕ ಆ ಮನೆಯನ್ನು ಇಳಿಸುವುದೆಂದು ನಿಶ್ಚಯವಾಗಿತ್ತು. ತಪ್ಪು ಎಲ್ಲಿ ನುಸುಳಿತೆಂಬುದನ್ನು ಹುಡುಕುತ್ತ ಹೋದಾಗ ಕಂಡುಕೊಂಡ ಸಂಗತಿಗಳನ್ನು, ಮುಂದಿನ ವರ್ಷದ ವಿದ್ಯಾರ್ಥಿಗಳಿಗೂ ಉಪಯೋಗವಾದೀತೆಂಬ ಭಾವನೆಯಿಂದ, ಇಲ್ಲಿ ಕ್ರಮವಾಗಿ ನಿರೂಪಿಸಿದ್ದೇನೆ.

ನಾವು ಆಯ್ದುಕೊಂಡ ತಂತ್ರಾಂಶ 'ಸ್ವೀಟ್ ಹೋಮ್ ತ್ರೀಡಿ'. ಇದು ಮುಕ್ತ ತಂತ್ರಾಂಶ, ಹಣ ತೆರಬೇಕಾಗಿಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ನಡೆಯುತ್ತದೆ. ಪರದೆಯಲ್ಲಿ ನಾಲ್ಕು ಭಾಗಗಳಿವೆ. ಎಡಮೇಲೆ ಬಾಗಿಲು, ಕಿಟಕಿ, ಪೀಠೋಪಕರಣಗಳ ಭಂಡಾರ, ಅದರ ಕೆಳಗೆ ನಾವು ಬಳಸಿಕೊಂಡವುಗಳ ಪಟ್ಟಿ, ಬಲಮೇಲೆ ನಕ್ಷೆ, ಅದರ ಕೆಳಗೆ ಅದೇ ಮನೆಯ ಮೂರು ಆಯಾಮಗಳ ಚಿತ್ರ. "ಸರ್, ತಂತ್ರಾಂಶ ಕೆಟ್ಟಿದೆ" ಎಂದು ವಿದ್ಯಾರ್ಥಿಗಳು ತಂದ ದೂರುಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ, ಅವುಗಳಲ್ಲಿ ಹೆಚ್ಚಿನವು ಮೊದಲ ಗೆರೆಯನ್ನು ಎಳೆಯುವ ಮುನ್ನವೇ ಹುಟ್ಟಿದ ತಪ್ಪುಗಳೆಂಬುದು ಮನವರಿಕೆಯಾಯಿತು.

ಅಡಿ, ಅಂಗುಲ ಮತ್ತು ಚುಕ್ಕೆ

ನಮ್ಮ ಗೌಂಡಿಗಳ ಲೆಕ್ಕವೆಲ್ಲ ಅಡಿ, ಅಂಗುಲಗಳಲ್ಲಿ. ತಂತ್ರಾಂಶವಾದರೋ ಸೆಂಟಿಮೀಟರ್, ಮೀಟರ್, ಅಂಗುಲ ಹೀಗೆ ನಾವು ಆಯ್ದ ಏಕಮಾನವನ್ನು ಮಾತ್ರ ಅರಿಯುತ್ತದೆ. ಇಲ್ಲಿ ಅತಿ ಸಾಮಾನ್ಯವಾದ ತಪ್ಪು ಚುಕ್ಕೆಯದು. 10 ಅಡಿ 6 ಅಂಗುಲವನ್ನು ಟಿಪ್ಪಣಿಯಲ್ಲಿ 10.6 ಎಂದು ಬರೆದುಕೊಂಡು, ಗುಣಕಯಂತ್ರದಲ್ಲಿ 30.48ರಿಂದ ಗುಣಿಸಿ ಸೆಂಟಿಮೀಟರ್ ಮಾಡುವುದು ಹಲವರ ರೂಢಿ. ಅಡಿಗೆ ಅಂಗುಲಗಳು ಹನ್ನೆರಡು, ಹತ್ತಲ್ಲ. 10 ಅಡಿ 6 ಅಂಗುಲವೆಂದರೆ ಹತ್ತೂವರೆ ಅಡಿ, ಅಂದರೆ 10.5. ಈ ತಪ್ಪು ಅಂಗುಲಕ್ಕಿಂತ ತುಸು ಹೆಚ್ಚಿನದು. ಕಣ್ಣಿಗೆ ಬೀಳದೆ ಹೋದೀತು. ಆದರೆ 10 ಅಡಿ 10 ಅಂಗುಲವನ್ನು 10.10 ಎಂದು ಬರೆದವನ ಗತಿಯೇನು? ನಿಜವಾದ ಅಳತೆ 330.2 ಸೆಂಟಿಮೀಟರ್, ಅವನಿಗೆ ದೊರೆಯುವುದು 307.8. ಸುಮಾರು ಒಂಬತ್ತು ಅಂಗುಲ, ಎಂದರೆ ಒಂದು ಇಟ್ಟಿಗೆ ಗೋಡೆಯ ದಪ್ಪದಷ್ಟು, ಎಲ್ಲಿಯೋ ಮಾಯವಾಯಿತು.

ನಾನು ಓದಿದ ಗಡಿಹಳ್ಳಿಯ ಶಾಲೆಯಲ್ಲಿ ಭಾಷೆ ಕನ್ನಡ, ಗಣಿತ ಮರಾಠಿ. ಪಾವಕಿ, ನಿಮಕಿ, ಪಾವುಣಕಿ ಎಂದು ಕಾಲು, ಅರೆ, ಮುಕ್ಕಾಲುಗಳ ಮಗ್ಗಿಗಳನ್ನು ಹಿರಿಯರು ಬಾಯಿಪಾಠ ಮಾಡಿಸುತ್ತಿದ್ದರು. ಮೂರು ಅಂಗುಲ ಕಾಲು ಅಡಿ, ಆರು ಅಂಗುಲ ಅರೆ ಅಡಿ, ಒಂಬತ್ತು ಅಂಗುಲ ಮುಕ್ಕಾಲು ಅಡಿ ಎಂಬುದು ಆ ತಲೆಮಾರಿಗೆ ಯೋಚಿಸದೆಯೇ ಹೊಳೆಯುತ್ತಿತ್ತು. ಇಂದಿನವರಿಗೆ ಇದಕ್ಕಿಂತ ಸುಲಭದ ದಾರಿಯಿದೆ. ಟೇಪಿನ ಇನ್ನೊಂದು ಅಂಚಿನಲ್ಲಿ ಸೆಂಟಿಮೀಟರ್ ಇರುತ್ತದೆ. ಅದನ್ನೇ ಓದಿ, ಅದನ್ನೇ ಬರೆದುಕೊಳ್ಳಿರಿ. ಕೆಲಸ ಆರಂಭಿಸುವ ಮೊದಲು 'ಪ್ರಿಫರೆನ್ಸಸ್' ಪುಟವನ್ನು ತೆರೆದು ಏಕಮಾನವನ್ನು ನಿಶ್ಚಯಿಸಿರಿ. ಗೋಡೆಯನ್ನು ಎಳೆಯುವಾಗ ಮೌಸ್ ಒಂದನ್ನೇ ನೆಚ್ಚಬೇಡಿರಿ. ಎಳೆಯುತ್ತಿರುವಾಗಲೇ 'ಎಂಟರ್' ಒತ್ತಿದರೆ ಉದ್ದವನ್ನು ಅಂಕಿಯಲ್ಲಿ ಬರೆಯುವ ಅವಕಾಶ ದೊರೆಯುತ್ತದೆ.

ಗೋಡೆಗೂ ಒಂದು ದಪ್ಪವುಂಟು

ಅಜ್ಜಿಯ ನಡುಮನೆ ಕಿರಿದಾದ ಕಾರಣ ಇಲ್ಲಿತ್ತು. ಈ ತಂತ್ರಾಂಶದಲ್ಲಿ ನಾವು ಎಳೆಯುವ ಗೆರೆ ಗೋಡೆಯ ನಡುವಿನ ಗೆರೆ. ದಪ್ಪವು ಅದರ ಎರಡೂ ಬದಿಗೆ ಅರ್ಧರ್ಧವಾಗಿ ಹರಡಿಕೊಳ್ಳುತ್ತದೆ. ನಾವು ಟೇಪಿನಿಂದ ಅಳೆಯುವುದಾದರೋ ಕೋಣೆಯ ಒಳಮೈಯನ್ನು. ಆ ನಡುಮನೆಯ ಒಳ ಅಳತೆ 12 ಅಡಿಗೆ 10 ಅಡಿ. ಸುತ್ತಲಿನ ಮಣ್ಣಿನ ಗೋಡೆಗಳ ದಪ್ಪ ಎರಡೆರಡು ಅಡಿ. ವಿದ್ಯಾರ್ಥಿನಿ ಗೆರೆಯನ್ನೇ 12 ಮತ್ತು 10 ಅಡಿಗೆ ಎಳೆದಳು. ಪ್ರತಿಯೊಂದು ಬದಿಯಲ್ಲಿ ಗೋಡೆ ಒಂದೊಂದು ಅಡಿ ಒಳಗೆ ಬಂದು, ಕೋಣೆ 10 ಅಡಿಗೆ 8 ಅಡಿಯಾಯಿತು. 120 ಚದರ ಅಡಿಯ ನಡುಮನೆ 80ಕ್ಕೆ ಇಳಿಯಿತು. ಮೂರರಲ್ಲಿ ಒಂದು ಪಾಲು ಹೋಯಿತೆಂದ ಮೇಲೆ ಪಂಕ್ತಿಗೆ ಎಡೆಯೆಲ್ಲಿ? ಗೆರೆಯ ಉದ್ದ 14 ಮತ್ತು 12 ಅಡಿಗಳಾಗಬೇಕಿತ್ತು.

ಹೊಸ ಮನೆಯ ತೆಳುಗೋಡೆಗಳಲ್ಲಿ ಈ ದೋಷ ಕೆಲವು ಅಂಗುಲಗಳಲ್ಲಿ ಮುಗಿಯುತ್ತದೆ. ಹಳೆಯ ಮನೆಯಲ್ಲಿ ಕೋಣೆಯನ್ನೇ ನುಂಗುತ್ತದೆ. ಆದುದರಿಂದ ಒಳ ಅಳತೆಗೆ ಎರಡೂ ಬದಿಯ ಗೋಡೆಗಳ ಅರ್ಧ ದಪ್ಪವನ್ನು ಕೂಡಿಸಿಯೇ ಗೆರೆ ಎಳೆಯಬೇಕು. ಗೋಡೆಯ ದಪ್ಪವನ್ನು ಬಾಗಿಲ ಹೊಸ್ತಿಲಿನ ಬಳಿ ಅಳೆಯುವುದು ಸುಲಭ. 'ಪ್ರಿಫರೆನ್ಸಸ್' ಪುಟದಲ್ಲಿ ದಪ್ಪವನ್ನು ಬದಲಿಸಿದರೆ ಅದು ಮುಂದೆ ಎಳೆಯುವ ಗೋಡೆಗಳಿಗೆ ಮಾತ್ರ ಅನ್ವಯಿಸುತ್ತದೆ. ಆಗಲೇ ಎಳೆದ ಗೋಡೆಗಳನ್ನು ಆಯ್ದು 'ಮಾಡಿಫೈ ವಾಲ್ಸ್' ಮೂಲಕ ಬೇರೆಯಾಗಿ ಬದಲಿಸಬೇಕು. "ದಪ್ಪ ಬದಲಿಸಿದೆ, ಏನೂ ಆಗಲಿಲ್ಲ" ಎಂಬ ದೂರಿಗೆ ಇದೇ ಉತ್ತರ.

ಒಂದು ಎಚ್ಚರಿಕೆಯ ಮಾತು. ನಕ್ಷೆ ಸರಿಯಾಗಿದ್ದ ಮಾತ್ರಕ್ಕೆ ಮನೆ ಭದ್ರವೆಂದು ತಿಳಿಯಲಾಗದು. ದಪ್ಪಗೋಡೆಯ ಮನೆ ಅಲುಗದೆಂಬ ನಂಬಿಕೆಯನ್ನು 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಕೆಡವಿ ಹಾಕಿತು. ಮಣ್ಣಿನಲ್ಲಿ ಕಟ್ಟಿದ ಭಾರವಾದ ಕಲ್ಲುಗೋಡೆಗಳೂ ಮಾಳಿಗೆಗಳೂ ಮಲಗಿದ್ದವರ ಮೇಲೆಯೇ ಕುಸಿದವು. ತಂತ್ರಾಂಶವು ಅಳತೆಯನ್ನು ಬಲ್ಲುದು, ಬಲವನ್ನು ಅರಿಯದು. ಕಟ್ಟುವ ಮಾತು ಬಂದಾಗ ಎಂಜಿನಿಯರರನ್ನೇ ಕೇಳಬೇಕು.

ಕೂಡದ ಮೂಲೆ, ಹುಟ್ಟದ ಕೋಣೆ

ಗೋಡೆಗಳನ್ನು ಎಳೆದಾದ ಮೇಲೆ 'ಕ್ರಿಯೇಟ್ ರೂಮ್ಸ್' ಆಯ್ದು, ಗೋಡೆಗಳ ನಡುವೆ ಎರಡು ಬಾರಿ ಕ್ಲಿಕ್ ಮಾಡಿದರೆ ನೆಲ ತಾನಾಗಿ ತುಂಬಿಕೊಂಡು ಕೋಣೆಯಾಗುತ್ತದೆ. ಅದರ ವಿಸ್ತೀರ್ಣವನ್ನೂ ತಂತ್ರಾಂಶವೇ ಹೇಳುತ್ತದೆ. ಹಲವರಿಗೆ ಹೀಗಾಗಲಿಲ್ಲ. ಕಾರಣ, ಎಲ್ಲಿಯೋ ಒಂದು ಮೂಲೆಯಲ್ಲಿ ಎರಡು ಗೋಡೆಗಳು ಕೂಡಿರುವುದಿಲ್ಲ. ನಕ್ಷೆಯನ್ನು ಹಿಗ್ಗಿಸಿ ಮೂಲೆಮೂಲೆಯನ್ನೂ ನೋಡಿರಿ. ಬಿಟ್ಟುಹೋದ ಕೊನೆಯನ್ನು ಎಳೆದು ಪಕ್ಕದ ಗೋಡೆಯ ತುದಿಗೆ ಕೂಡಿಸಿರಿ.

ಮೂಲೆ ಕೂಡದಿರಲು ಇನ್ನೊಂದು ಕಾರಣವೂ ಉಂಟು. ತಂತ್ರಾಂಶದ 'ಮ್ಯಾಗ್ನೆಟಿಸಂ' ಎಂಬ ಗುಣ ಗೋಡೆಗಳನ್ನು 15 ಡಿಗ್ರಿಗಳ ಮೆಟ್ಟಿಲಿನಲ್ಲಿಯೇ ತಿರುಗಿಸುತ್ತದೆ. ಹೊಸ ಮನೆಗೆ ಇದು ಅನುಕೂಲ. ಆದರೆ ಹಳೆಯ ಮನೆಗಳು ಬೀದಿಯ ತಿರುವಿಗೆ, ಅಣ್ಣತಮ್ಮಂದಿರ ಪಾಲಿಗೆ ತಕ್ಕಂತೆ ಓರೆಯಾಗಿರುತ್ತವೆ. ಗೌಂಡಿಗಳ ಮಾತಿನಲ್ಲಿ ಹೇಳುವುದಾದರೆ ಅವು 'ಗುಣ್ಯಾದಾಗ' ಇರುವುದಿಲ್ಲ. ಅಂತಹ ಕೋಣೆಯಲ್ಲಿ ನಾಲ್ಕು ಗೋಡೆಗಳ ಜೊತೆಗೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಬೇಕು. ಎದುರುಬದುರಿನ ಗೋಡೆಗಳು ಸಮನಾಗಿದ್ದು, ಕರ್ಣಗಳೂ ಸಮನಾಗಿದ್ದರೆ ಮೂಲೆಗಳು ನೇರ. ಕರ್ಣಗಳು ಬೇರೆಯಾದರೆ ಕೋಣೆ ಓರೆ. ಓರೆಯೆಂದು ಖಚಿತವಾದಾಗ 'ಪ್ರಿಫರೆನ್ಸಸ್'ನಲ್ಲಿ ಮ್ಯಾಗ್ನೆಟಿಸಂ ತೆಗೆದುಹಾಕಿ, ಕರ್ಣದ ಅಳತೆಗೆ ಹೊಂದುವಂತೆ ಗೋಡೆಯನ್ನು ಎಳೆಯಿರಿ. ಓರೆಯಾದ ಮನೆಯನ್ನು ನೇರವಾಗಿ ಬರೆಯುವುದೂ ಸುಳ್ಳೇ.

ಕೈಯಿಂದ ಬರೆದ ಚಿತ್ರದ ಮೇಲೆಯೇ ಗೋಡೆ ಎಳೆಯಬಯಸುವವರಿಗೆ 'ಇಂಪೋರ್ಟ್ ಬ್ಯಾಕ್‌ಗ್ರೌಂಡ್ ಇಮೇಜ್' ಎಂಬ ಸೌಲಭ್ಯವಿದೆ. ಅಲ್ಲಿ ಚಿತ್ರದ ಒಂದು ಗೆರೆಯ ನಿಜವಾದ ಉದ್ದವನ್ನು ಹೇಳಬೇಕು. ಇದಕ್ಕೆ ಸಣ್ಣ ಕಿಟಕಿಯನ್ನಲ್ಲ, ಮನೆಯ ಅತಿ ಉದ್ದದ ಗೋಡೆಯನ್ನು ಆಯ್ದುಕೊಳ್ಳಿರಿ. ತಪ್ಪು ಹರಡುವುದು ಕಡಿಮೆ. ಮೊಬೈಲನ್ನು ಓರೆಯಾಗಿ ಹಿಡಿದು ತೆಗೆದ ಚಿತ್ರದಲ್ಲಿ ದೂರದ ಗೋಡೆ ಕುಗ್ಗಿರುತ್ತದೆ. ಸ್ಕ್ಯಾನ್ ಮಾಡುವುದೇ ಲೇಸು. ಗೋಡೆಗಳೆಲ್ಲ ಮುಗಿದ ಮೇಲೆ 'ಲಾಕ್ ಬೇಸ್ ಪ್ಲಾನ್' ಆಯ್ದರೆ, ಪೀಠೋಪಕರಣಗಳನ್ನು ಸರಿಸುವಾಗ ಗೋಡೆಗಳು ಅಲುಗುವುದಿಲ್ಲ. ಮೂರು ಆಯಾಮಗಳ ಚಿತ್ರ ಕಪ್ಪಾಗಿ ಉಳಿದರೆ ಬಹುಮಟ್ಟಿಗೆ ಗಣಕದ ಗ್ರಾಫಿಕ್ಸ್ ಡ್ರೈವರ್ ಹಳೆಯದಾಗಿರುತ್ತದೆ, ಅದನ್ನು ಹೊಸದಾಗಿಸಬೇಕು. ನಕ್ಷೆಯ ಕೆಲಸವನ್ನು ಅದಕ್ಕಾಗಿ ನಿಲ್ಲಿಸಬೇಕಾಗಿಲ್ಲ.

ಅಕ್ಷರಗಳು ಕೈಕೊಟ್ಟಾಗ

ಕನ್ನಡ ವಿಭಾಗಕ್ಕೆ ಎಲ್ಲಕ್ಕಿಂತ ಮುಖ್ಯವಾದ ತೊಡಕಿದು. ಒಬ್ಬನ ನಕ್ಷೆಯಲ್ಲಿ 'ಪಡಸಾಲೆ' ಇದ್ದೆಡೆ ಅರ್ಥವಿಲ್ಲದ ರೋಮನ್ ಅಕ್ಷರಗಳು; ಇನ್ನೊಬ್ಬಳದರಲ್ಲಿ ಬರಿಯ ಚೌಕಗಳು. ಇವೆರಡೂ ಬೇರೆಬೇರೆ ರೋಗಗಳು. ರೋಮನ್ ಅಕ್ಷರ ಕಂಡರೆ, ಬರೆದದ್ದು ಹಳೆಯ ವಿಧಾನದ ಫಾಂಟಿನಲ್ಲಿ ಎಂದರ್ಥ. ಆ ಫಾಂಟುಗಳು ರೋಮನ್ ಸಂಕೇತಗಳಿಗೆ ಕನ್ನಡದ ವೇಷ ತೊಡಿಸುತ್ತಿದ್ದವು. ಫಾಂಟು ಬದಲಾದೊಡನೆ ವೇಷ ಕಳಚುತ್ತದೆ. ಇದಕ್ಕೆ ಪರಿಹಾರ, ಪರಿವರ್ತಕದಿಂದ ಪಠ್ಯವನ್ನು ಯುನಿಕೋಡಿಗೆ ಬದಲಿಸುವುದು, ಇಲ್ಲವೆ ಯುನಿಕೋಡಿನಲ್ಲಿಯೇ ಮತ್ತೆ ಬರೆಯುವುದು. ಚೌಕಗಳು ಕಂಡರೆ ಅಕ್ಷರಗಳು ಸರಿಯಾಗಿಯೇ ಇವೆ, ಆಯ್ದ ಫಾಂಟಿನಲ್ಲಿ ಕನ್ನಡವಿಲ್ಲ. ಆ ಪಠ್ಯವನ್ನು ಆಯ್ದು ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಯುಐ, ಲಿನಕ್ಸ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಕೊಡಿರಿ.

ನಕ್ಷೆ ಗೌಂಡಿಯ ಕೈಗೂ ಹೋಗುವುದಿದ್ದರೆ ಕನ್ನಡದ ಕೆಳಗೆ ಮರಾಠಿಯ ಹೆಸರನ್ನೂ ಬರೆಯಿರಿ. ಬಚ್ಚಲಿಗೆ ನ್ಹಾಣಿ, ಹೊಸ್ತಿಲಿಗೆ ಉಂಬರಾ, ಮಾಳಿಗೆಗೆ ಮಾಳವದ. ಯುನಿಕೋಡಿನಲ್ಲಿ ಎರಡು ಲಿಪಿಗಳೂ ಒಂದೇ ನಕ್ಷೆಯಲ್ಲಿ ಜಗಳವಿಲ್ಲದೆ ಇರಬಲ್ಲವು. ಪಡಸಾಲೆಗೆ ಮರಾಠಿಯಲ್ಲಿಯೂ ಪಡಸಾಳ ಎಂದೇ ಹೇಳುವುದನ್ನು ಕಂಡು ಹಲವು ವಿದ್ಯಾರ್ಥಿಗಳು ಬೆರಗಾದರು.

ಉಳಿಸುವುದು, ಮುದ್ರಿಸುವುದು

ವಿದ್ಯುತ್ತು ಯಾವಾಗ ಹೋದೀತೆಂದು ಹೇಳಲಾಗದ ನಮ್ಮ ಕಡೆ, ಇಷ್ಟು ನಿಮಿಷಕ್ಕೊಮ್ಮೆ ತಾನಾಗಿ ಉಳಿಸುವ ವ್ಯವಸ್ಥೆಯನ್ನು 'ಪ್ರಿಫರೆನ್ಸಸ್'ನಲ್ಲಿ ಚಾಲೂ ಮಾಡಿಕೊಳ್ಳಿರಿ. ಅದರ ಮೇಲೆಯೂ ದಿನದ ಕೊನೆಗೆ ದಿನಾಂಕ ಸೇರಿಸಿದ ಹೊಸ ಹೆಸರಿನಲ್ಲಿ ಒಂದು ಪ್ರತಿಯನ್ನು ಇರಿಸಿರಿ. ಪೆನ್‌ಡ್ರೈವಿನಲ್ಲಿರುವ ಕಡತವನ್ನು ಅಲ್ಲಿಯೇ ತೆರೆದು ತಿದ್ದಬೇಡಿರಿ. ಗಣಕಕ್ಕೆ ಇಳಿಸಿಕೊಂಡು ತಿದ್ದಿ, ಮತ್ತೆ ಏರಿಸಿರಿ.

ಮುದ್ರಣದಲ್ಲಿ 'ಪೇಜ್ ಸೆಟಪ್' ತೆರೆದು ಪ್ರಮಾಣವನ್ನು ನಾವೇ ಹೇಳಬೇಕು. 30 ಅಡಿಗೆ 40 ಅಡಿಯ ಮನೆ 1/50ರ ಪ್ರಮಾಣದಲ್ಲಿ ಸುಮಾರು 18.3 ಸೆಂಟಿಮೀಟರಿಗೆ 24.4 ಸೆಂಟಿಮೀಟರ್ ಆಗಿ ಎ-4 ಹಾಳೆಯಲ್ಲಿ ಕೂಡ್ರುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ 'ಫಿಟ್ ಟು ಪೇಜ್' ಎಂದು ಒತ್ತಿದರೆ ಈ ಪ್ರಮಾಣವೆಲ್ಲ ಕೆಡುತ್ತದೆ. ನಕ್ಷೆಯ ಅಂಚಿನಲ್ಲಿ 5 ಮೀಟರಿನ ಒಂದು ಗೆರೆಯನ್ನು ಎಳೆದಿಡಿರಿ. ಮುದ್ರಿಸಿದ ಮೇಲೆ ಅದು ಅಳತೆಪಟ್ಟಿಯಲ್ಲಿ ಸರಿಯಾಗಿ 10 ಸೆಂಟಿಮೀಟರ್ ಇರಬೇಕು. ಬೇರೆಯವರಿಗೆ ಕೊಡುವಾಗ ಪಿಡಿಎಫ್ ಪ್ರತಿಯನ್ನೂ ಕೊಡಿರಿ. ಅವರ ಗಣಕದಲ್ಲಿ ನಮ್ಮ ಫಾಂಟು ಇಲ್ಲದಿದ್ದರೂ ಹೆಸರುಗಳು ಉಳಿಯುತ್ತವೆ.

ಕೊನೆಯ ಪರೀಕ್ಷೆಯನ್ನು ಮಾತ್ರ ಯಾವ ತಂತ್ರಾಂಶವೂ ಮಾಡಲಾರದು. ನಕ್ಷೆಯನ್ನು ಆ ಮನೆಯಲ್ಲಿ ಬಾಳಿದವರ ಮುಂದೆ ಹರಡಿ ಕೇಳಬೇಕು. ಆ ವಿದ್ಯಾರ್ಥಿನಿ ಯುಗಾದಿಗೆ ಮುಂಚೆ ಇನ್ನೊಮ್ಮೆ ಊರಿಗೆ ಹೋಗಿ, ಗೋಡೆಗಳ ದಪ್ಪವನ್ನೂ ಕರ್ಣಗಳನ್ನೂ ಅಳೆದು, ತಿದ್ದಿದ ನಕ್ಷೆಯನ್ನು ಅಜ್ಜಿಗೆ ತೋರಿಸಿದಳು. ಅಜ್ಜಿ ನಡುಮನೆಯನ್ನು ಒಪ್ಪಿದರು. ಬೆಳಕಿಂಡಿಯನ್ನು ಮಾತ್ರ ಒಲೆಯ ಕಡೆಗೆ ಒಂದು ಮೊಳ ಸರಿಸಬೇಕೆಂದರು. ಹೋಗಿ ಅಳೆದಾಗ ಅದೂ ನಿಜವಾಗಿತ್ತು.

ನನ್ನ ತಂದೆಯವರ ಮನೆ ಇಳಿದು ಹಲವು ವರ್ಷಗಳಾದವು. ಅದರ ಪಡಸಾಲೆ ಎಷ್ಟು ಅಗಲವಿತ್ತೆಂದು ಕೇಳಿದರೆ ನಮ್ಮ ಅಣ್ಣ ಹತ್ತು ಅಡಿ ಎನ್ನುತ್ತಾರೆ, ತಾಯಿಯವರು ಎಂಟೇ ಎನ್ನುತ್ತಾರೆ. ಯಾರ ಮಾತು ಸರಿಯೆಂದು ನಿರ್ಧರಿಸಲು ಈಗ ಗೋಡೆಗಳಿಲ್ಲ. ನಿಮ್ಮ ಊರಿನಲ್ಲಿ ಅವು ಇನ್ನೂ ನಿಂತಿದ್ದರೆ, ಈ ರಜೆಯಲ್ಲಿಯೇ ಟೇಪು ಹಿಡಿದು ಹೋಗಿರಿ.